ಸಾಲಿನ ಮೇಲಿನ ಪೆನ್ಸಿಲ್ ಅಕ್ಷರ

ಕನ್ನಡ ಮಾಧ್ಯಮದ ಹುಡುಗಿಯೊಬ್ಬಳು ಇಂಗ್ಲಿಷ್ ಪಾಠವನ್ನು ತಡವರಿಸದೆ ಓದುತ್ತಾಳೆ. ಮನೆಯವರಿಗೆ ಹೆಮ್ಮೆ. ‘ಕಥೆಯಲ್ಲಿ ಏನಾಯಿತು?’ ಎಂದರೆ ಮಾತ್ರ ತಲೆ ತಗ್ಗಿಸುತ್ತಾಳೆ. ಪುಸ್ತಕ ತೆರೆದರೆ ಗುಟ್ಟು ರಟ್ಟು: ಪ್ರತಿ ಸಾಲಿನ ಮೇಲೂ ಪೆನ್ಸಿಲಿನಲ್ಲಿ ಕನ್ನಡ ಅಕ್ಷರ! ಅವಳು ಓದಿದ್ದು ಅದನ್ನು, ಇಂಗ್ಲಿಷನ್ನಲ್ಲ.

ಇದಕ್ಕೆ ಬೈದು ಫಲವಿಲ್ಲ. ಕನ್ನಡವನ್ನು ಬರೆದಂತೆಯೇ ಓದಬಹುದು. ಇಂಗ್ಲಿಷಿನ 26 ಅಕ್ಷರಗಳಾದರೋ ಸುಮಾರು 44 ಧ್ವನಿಗಳ ಭಾರ ಹೊರಬೇಕು. ‘ಬಟ್’, ‘ಪುಟ್’ ಎರಡರ ನಡುವೆಯೂ ಇರುವುದು ಒಂದೇ ‘ಯು’. ಸಿ-ಎಚ್ ಜೋಡಿ ‘ಚೇರ್’ನಲ್ಲಿ ಚ, ‘ಸ್ಕೂಲ್’ನಲ್ಲಿ ಕ, ‘ಮೆಷೀನ್’ನಲ್ಲಿ ಷ. ಕನ್ನಡ ವಾಕ್ಯದ ಕೊನೆಗೆ ಬರುವ ಕ್ರಿಯಾಪದ ಇಂಗ್ಲಿಷಿನಲ್ಲಿ ನಡುವೆಯೇ ಬಂದು ಕೂರುತ್ತದೆ. ಮಗು ಗೊಂದಲಕ್ಕೆ ಬೀಳುವುದು ದಡ್ಡತನದಿಂದಲ್ಲ.

ತರಗತಿಯಲ್ಲಿ ಏನು ಮಾಡಬಹುದು? ಪಾಠ ಮಳೆಯ ಕುರಿತಾದರೆ ಮೊದಲು ಐದು ನಿಮಿಷ ಮಳೆಯ ಬಗ್ಗೆ ಕನ್ನಡದಲ್ಲೇ ಮಾತಾಗಲಿ. ಐದಾರು ಹೊಸ ಪದಗಳನ್ನು ಚಿತ್ರದಿಂದಲೋ ಅಭಿನಯದಿಂದಲೋ ಪರಿಚಯಿಸಿ ಬೋರ್ಡಿನ ಮೇಲೆ ಬರೆಯಬೇಕು. ಆಮೇಲೆ ಅಧ್ಯಾಪಕರು ಭಾವ ತುಂಬಿ ಓದಲಿ. ಮಕ್ಕಳು ಬೆರಳಿಟ್ಟು ಸಾಲನ್ನು ಹಿಂಬಾಲಿಸಲಿ. ನಂತರ ಎಲ್ಲರೂ ಒಟ್ಟಾಗಿ, ಬಳಿಕ ಇಬ್ಬಿಬ್ಬರಾಗಿ, ಕೊನೆಗೆ ಒಬ್ಬೊಬ್ಬರಾಗಿ ಓದುವುದು. ಅಂಜುವ ಮಗುವನ್ನು ಮೊದಲೇ ಎಬ್ಬಿಸಿ ನಿಲ್ಲಿಸಿದರೆ ಅಕ್ಕಪಕ್ಕದವರ ನಗುವಿಗೆ ಅದರ ಬಾಯಿ ವರ್ಷವಿಡೀ ಮುಚ್ಚೀತು. ತಪ್ಪಿದ ಕಡೆಯೆಲ್ಲ ತಡೆಯದೆ, ವಾಕ್ಯ ಮುಗಿದ ಮೇಲೆ ತಿದ್ದುವುದು ಮೇಲು. ಮನೆಮಾತು ಕಲಿಕೆಗೆ ಅಡ್ಡಿಯಲ್ಲ, ಆಸರೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ನಿಲುವೂ ಇದೇ.

‘ನಮಗೆ ಇಂಗ್ಲಿಷ್ ಬರುವುದಿಲ್ಲ’ ಎಂದು ಪಾಲಕರು ಕೈಚೆಲ್ಲಬೇಕಾಗಿಲ್ಲ. ಸಂಜೆ ಹತ್ತು ನಿಮಿಷ ಪಕ್ಕದಲ್ಲಿ ಕೂತು, ‘ಈಗ ಓದಿದ್ದನ್ನು ಕನ್ನಡದಲ್ಲಿ ಹೇಳು, ಕೇಳೋಣ’ ಎಂದರೆ ಸಾಕು. ಹೇಳಲು ಬಂದರೆ ಅರ್ಥವಾಗಿದೆ. ಬಾರದಿದ್ದರೆ ಎಲ್ಲಿ ಸಿಕ್ಕಿಕೊಂಡಿದೆ ಎಂಬುದು ಗೊತ್ತಾಗುತ್ತದೆ. ಆ ಪದಕ್ಕೆ ಗುರುತು ಹಾಕಿಕೊಂಡು ಮರುದಿನ ಅಧ್ಯಾಪಕರನ್ನು ಕೇಳಬಹುದು. ಬಿಸ್ಕತ್ತಿನ ಪೊಟ್ಟಣ, ಸೋಪಿನ ಹೊದಿಕೆ, ಅಂಗಡಿಯ ಬೋರ್ಡು, ಇವೂ ಓದಿನ ಪುಸ್ತಕಗಳೇ.

ವಿದ್ಯಾರ್ಥಿಗಳಿಗೂ ಒಂದು ಮಾತು. ಸಾಲಿನ ಮೇಲಿನ ಕನ್ನಡ ಅಕ್ಷರಗಳನ್ನು ಒಮ್ಮೆಗೇ ಅಳಿಸುವುದು ಬೇಡ. ಚೆನ್ನಾಗಿ ಗುರುತು ಸಿಕ್ಕ ಪದಗಳ ಮೇಲಿನದನ್ನು ದಿನಕ್ಕೆ ಎರಡರಂತೆ ಅಳಿಸುತ್ತ ಹೋಗಬೇಕು. ಆ ರಬ್ಬರು ಸವೆದಷ್ಟೂ ಇಂಗ್ಲಿಷ್ ಹತ್ತಿರವಾಗುತ್ತದೆ.