ಅಡಕವಾದುದೋ, ಬಿಡಿಯಾದುದೋ?

ಕಂಪ್ಯೂಟರ್ ಕೊಳ್ಳಹೊರಟ ವಿದ್ಯಾರ್ಥಿಮಿತ್ರರು, ಧ್ವನಿಗೂ ಜಾಲಸಂಪರ್ಕಕ್ಕೂ ಬಿಡಿ ಕಾರ್ಡುಗಳು ಬೇಕೇ, ಮದರ್‌ಬೋರ್ಡಿನಲ್ಲಿ ಅಡಕವಾದುದೇ ಸಾಕೇ ಎಂದು ಕೇಳುವುದುಂಟು. ಈ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ಅರಿಕೆಮಾಡಬಯಸುತ್ತೇನೆ.

ಒಂದು ಕಾಲದಲ್ಲಿ ಬಿಡಿ ಕಾರ್ಡು ಅನಿವಾರ್ಯವಾಗಿತ್ತು. 1989ರಲ್ಲಿ ಸಿಂಗಪುರದ ಕ್ರಿಯೇಟಿವ್ ಸಂಸ್ಥೆಯು ಸೌಂಡ್ ಬ್ಲಾಸ್ಟರ್ ಕಾರ್ಡನ್ನು ಹೊರತಂದಾಗ, ಸಾಮಾನ್ಯ ಪಿ.ಸಿ.ಗೆ ಸ್ವಂತ ದನಿಯೆಂದರೆ 'ಬೀಪ್' ಎನ್ನುವ ಪುಟ್ಟ ಸ್ಪೀಕರ್ ಒಂದೇ. ಇಂದು ಆ ಸ್ಥಿತಿಯಿಲ್ಲ. ಸಿ.ಡಿ. ಸಂಗೀತಕ್ಕೆ ಸೆಕೆಂಡಿಗೆ 44,100 ಮಾದರಿಗಳು ಸಾಕು; ಇಂಟೆಲ್ 2004ರಲ್ಲಿ ರೂಪಿಸಿದ ಹೈ ಡೆಫಿನಿಷನ್ ಆಡಿಯೊ ಮಾನಕವು 1,92,000ದವರೆಗೆ ಅವಕಾಶವೀಯುತ್ತದೆ. ಸೆಕೆಂಡಿಗೆ 1,000 ಮೆಗಾಬಿಟ್ ಸಾಗಿಸುವ ಈಥರ್ನೆಟ್ ಕೂಡ ಬೋರ್ಡಿನಲ್ಲೇ ಬರುತ್ತದೆ. ಪಾಠ ಕೇಳಲು, ಪುಸ್ತಕ ಇಳಿಸಿಕೊಳ್ಳಲು ಇದಕ್ಕಿಂತ ಹೆಚ್ಚೇನು ಬೇಕು? ಉಳಿದ ಹಣವನ್ನು ಹೆಚ್ಚಿನ ಮೆಮೊರಿಗೆ ವಿನಿಯೋಗಿಸುವುದೇ ಜಾಣತನ.

ಹಾಗೆಂದು ಬಿಡಿ ಕಾರ್ಡಿನ ಕಾಲ ಮುಗಿಯಿತೆನ್ನಲಾಗದು. ಬೋರ್ಡಿನ ಇತರ ಭಾಗಗಳ ವಿದ್ಯುತ್ ಗದ್ದಲವು ಕೆಲವೊಮ್ಮೆ ಧ್ವನಿಯೊಳಗೆ ನುಸುಳುತ್ತದೆ. ಹಾಡು ಮುದ್ರಿಸುವವರಿಗೆ ಪ್ರತ್ಯೇಕ ಸಾಧನವೇ ಲೇಸು. ಅದಕ್ಕಿಂತ ಮುಖ್ಯವಾದುದು ದುರಸ್ತಿ. ಸಿಡಿಲಿನ ಹೊಡೆತಕ್ಕೆ ಜಾಲದ ಪೋರ್ಟು ಮಾತ್ರ ಸತ್ತರೆ, "ಬೋರ್ಡನ್ನೇ ಬದಲಾಯಿಸಿ" ಎನ್ನುವ ವರ್ತಕರಿದ್ದಾರೆ. ಇದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ! ಬಯಾಸ್‌ನಲ್ಲಿ ಕೆಟ್ಟುದನ್ನು ನಿಷ್ಕ್ರಿಯಗೊಳಿಸಿ, ಖಾಲಿ ಪಿ.ಸಿ.ಐ. ಎಕ್ಸ್‌ಪ್ರೆಸ್ ಸ್ಲಾಟಿನಲ್ಲಿ ಒಂದು ಕಾರ್ಡು ಸಿಕ್ಕಿಸಿದರೆ, ಬೋರ್ಡಿನ ಬೆಲೆಯ ಅಲ್ಪಾಂಶದಲ್ಲಿ ಯಂತ್ರ ಬದುಕುತ್ತದೆ.

ಆದುದರಿಂದ ಅಡಕವಾದುದನ್ನೇ ಕೊಳ್ಳೋಣ; ಆದರೆ ಖಾಲಿ ಸ್ಲಾಟಿಲ್ಲದ ಬೋರ್ಡನ್ನು ಬೇಡವೆನ್ನೋಣ. ಸರ್ಕಾರಿ ಕಾಲೇಜುಗಳೂ ಪೋರ್ಟು ಕೆಟ್ಟ ಯಂತ್ರವನ್ನು ಉಗ್ರಾಣಕ್ಕೆ ತಳ್ಳುವ ಮೊದಲು ಈ ಉಪಾಯವನ್ನು ಪರೀಕ್ಷಿಸಬೇಕು. ಮೂಲೆಗೆ ಬಿದ್ದ ಒಂದೊಂದು ಯಂತ್ರವೂ, ಮನೆಯಲ್ಲಿ ಕಂಪ್ಯೂಟರಿಲ್ಲದ ಒಬ್ಬ ವಿದ್ಯಾರ್ಥಿಗೆ ತಪ್ಪಿಹೋದ ಪಾಠವೆಂಬುದನ್ನು ಮರೆಯಬಾರದು.