ಮುಪ್ಪಿಗೆ ಸಾವಿರ ರೂಪಾಯಿ: ಯಾವ ಕಾಲದ ಸಾವಿರ?

ಅಟಲ್ ಪಿಂಚಣಿ ಯೋಜನೆಗೆ ಸೇರಬೇಡಿ ಎಂದು ನಾವು ಹೇಳುತ್ತಿಲ್ಲ. ಕೂಲಿ ಮಾಡುವವರಿಗೆ ಮುಪ್ಪಿನಲ್ಲಿ ತಿಂಗಳು ತಿಂಗಳು ದುಡ್ಡು ಬರುವುದು ಸಣ್ಣ ಮಾತಲ್ಲ. ಗಂಡ ತೀರಿಕೊಂಡರೆ ಹೆಂಡತಿಗೆ ಅಷ್ಟೇ ಪಿಂಚಣಿ ಬರುತ್ತದೆ, ಅದೂ ಸರಿ. ನಮ್ಮ ತಕರಾರು ಲೆಕ್ಕದ್ದು.

18ಕ್ಕೆ ಸೇರಿ ತಿಂಗಳಿಗೆ 42 ರೂಪಾಯಿ ಕಟ್ಟಿದವರಿಗೆ 60 ತುಂಬಿದ ಮೇಲೆ ತಿಂಗಳಿಗೆ 1,000 ರೂಪಾಯಿ. ನಡುವೆ 42 ವರ್ಷ! ಅಷ್ಟರಲ್ಲಿ ಅಕ್ಕಿ, ಎಣ್ಣೆ, ಬಿಪಿ ಮಾತ್ರೆ ಎಲ್ಲಿಗೆ ಮುಟ್ಟಿರುತ್ತವೋ. ಬೆಲೆ ಏರಿದಂತೆ ಪಿಂಚಣಿ ಏರಬೇಕೆಂಬ ನಿಯಮ 2015ರಲ್ಲಿ ಯೋಜನೆ ಶುರುವಾದಾಗಲೇ ಇರಲಿಲ್ಲ. ಹಳೆ ಪಿಂಚಣಿಯ ಸರ್ಕಾರಿ ನೌಕರರಿಗೆ ನಿವೃತ್ತಿಯ ನಂತರವೂ ತುಟ್ಟಿಭತ್ಯೆ ಏರುತ್ತದೆ. ಕೂಲಿಯವರು ಬೇರೆ ಸಂತೆಗೆ ಹೋಗುತ್ತಾರೆಯೇ?

5,000ದ ಹಂತ ಆರಿಸಿ ಎನ್ನುವುದು ಸುಲಭ. 40ನೇ ವಯಸ್ಸಿನಲ್ಲಿ ಸೇರಿದರೆ ಅದಕ್ಕೆ ತಿಂಗಳಿಗೆ 1,454 ರೂಪಾಯಿ. ಯಾರು ಕಟ್ಟುತ್ತಾರೆ?

ಮಗಳ ಮದುವೆ, ಬೋರ್‌ವೆಲ್ ಎಂದು ನಡುವೆ ಸ್ವಲ್ಪ ತೆಗೆಯುವುದಕ್ಕೂ ಬರುವುದಿಲ್ಲ. ಬೇಕೆಂದರೆ ಖಾತೆಯನ್ನೇ ಮುಚ್ಚಬೇಕು. ಆಗ ನೀವು ಕಟ್ಟಿದ್ದು ಮತ್ತು ಅದರ ಗಳಿಕೆ, ಶುಲ್ಕ ಕಳೆದು ಕೈಗೆ ಬರುತ್ತದೆ, ಪಿಂಚಣಿ ಹೋಯಿತು. ಇದನ್ನು ಸಹಿ ಹಾಕಿಸಿಕೊಳ್ಳುವಾಗಲೇ ಹೇಳಬೇಕು, ಕನ್ನಡದಲ್ಲಿ ಬರೆದು ಕೊಡಬೇಕು.

ಕಂತು ಮೂರು ಅಥವಾ ಆರು ತಿಂಗಳಿಗೊಮ್ಮೆಯೂ ಕಟ್ಟಬಹುದು. ರಾಗಿ ಮಾರಿದಾಗಷ್ಟೇ ದುಡ್ಡು ಕಾಣುವವರಿಗೆ ಇದೇ ಅನುಕೂಲ. ಖಾತೆಯಲ್ಲಿ ದುಡ್ಡಿಲ್ಲದೆ ಕಂತು ತಪ್ಪಿದರೆ ದಂಡ ಬೀಳುತ್ತದೆ. ಈಗಾಗಲೇ ಸೇರಿದ್ದೀರಾ? ಬ್ಯಾಂಕಿಗೆ ಹೋದಾಗ ನಿಮ್ಮದು ಯಾವ ಹಂತ ಎಂದು ಮೊದಲು ಕೇಳಿ. ವರ್ಷಕ್ಕೊಮ್ಮೆ ಅದನ್ನು ಬದಲಿಸಬಹುದು.