ಊರ ಮಂದೆಯ ರೋಗ, ಬೆಟ್ಟದ ಕುರಿಯ ಸಾವು: ಅಮೆರಿಕದ ಪಾಠ ಹಿಮಾಲಯಕ್ಕೆ ಸಲ್ಲುವುದೇ?

ಅಮೆರಿಕದ ರಾಕಿ ಪರ್ವತಗಳಲ್ಲಿರುವ ಬಿಗ್‌ಹಾರ್ನ್ ಎಂಬ ವನ್ಯ ಕುರಿ ತಲೆಬುರುಡೆಯ ಗಟ್ಟಿತನಕ್ಕೇ ಹೆಸರಾದ ಪ್ರಾಣಿ. ಸುರುಳಿ ಸುತ್ತಿದ ದಪ್ಪ ಕೊಂಬಿನ ಎರಡು ಟಗರುಗಳು ಓಡಿ ಬಂದು ತಲೆಗೆ ತಲೆ ಗುದ್ದಿದರೆ ಆ ಸದ್ದು ಕಣಿವೆಯ ಆಚೆಗೂ ಕೇಳಿಸುತ್ತದೆ. ಅಂಥ ಬುರುಡೆಯ ಒಳಗೇ ಗಡ್ಡೆ ಬೆಳೆಯುತ್ತಿರುವುದನ್ನು ಕೊಲರಾಡೊ ರಾಜ್ಯದ ಪಶು ರೋಗತಜ್ಞರು ಕಂಡುಕೊಂಡರು. 2011ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ, 11 ಹಿಂಡುಗಳಿಂದ ತಂದು ಪರೀಕ್ಷಿಸಿದ 21 ಕುರಿಗಳ ಪೈಕಿ 10ರಲ್ಲಿ ಮೂಗಿನ ಪಕ್ಕದ ಸೈನಸ್ ಗೂಡುಗಳಲ್ಲಿ ಗಡ್ಡೆಯಿತ್ತು. ಎರಡು ವರ್ಷದ ಕುರಿಯಿಂದ ಹತ್ತು ದಾಟಿದ ಮುದಿ ಕುರಿಯವರೆಗೆ ಎಲ್ಲ ವಯಸ್ಸಿನವೂ ಅದರಲ್ಲಿದ್ದವು. ಸೈನಸ್‌ನ ಒಳಪದರ ದಪ್ಪಗಾಗಿ, ಗೂಡಿನ ತುಂಬ ಲೋಳೆ ಕಟ್ಟಿಕೊಂಡಿತ್ತು.

21 ಕುರಿಗಳ ಲೆಕ್ಕವನ್ನು ಇಡೀ ಸಂತತಿಗೆ ಅನ್ವಯಿಸಲು ಬರುವುದಿಲ್ಲ, ನಿಜ. ಆದರೆ ಒಂದೊಂದು ಪ್ರಾಣಿಗೆ ಎಲ್ಲೋ ಬರುವ ಕ್ಯಾನ್ಸರ್ ಹೀಗೆ ಹಿಂಡು ಹಿಂಡುಗಳಲ್ಲಿ ಕಾಣಿಸಿಕೊಂಡರೆ ವೈದ್ಯರಿಗೆ ಮೊದಲು ಬರುವ ಅನುಮಾನ ಒಂದೇ: ಇದು ಅಂಟುರೋಗವೇ?

(ಮಲೆನಾಡಿನವರಿಗೆ ಒಂದು ಮಾತು: ನಮ್ಮಲ್ಲಿ 'ಕಾಡುಕುರಿ' ಎನ್ನುವುದು ಬೊಗಳುವ ಜಿಂಕೆಗೆ. ಇಲ್ಲಿ ಹೇಳುತ್ತಿರುವುದು ನಿಜವಾದ ಕುರಿಯ ಕುಲದ ಬಗ್ಗೆ.)

ಗಡ್ಡೆಯೂ ಅಂಟುತ್ತದೆ

ಅನುಮಾನವನ್ನು ಪರೀಕ್ಷಿಸಲು ವಿಜ್ಞಾನಿಗಳು ಗಡ್ಡೆಯೊಂದನ್ನು ಅರೆದು, ಜೀವಕೋಶಗಳು ಉಳಿಯದಂತೆ ಸೋಸಿ, ಆ ದ್ರವವನ್ನು ನಾಲ್ಕು ಬಿಗ್‌ಹಾರ್ನ್ ಮರಿಗಳ ಹಾಗೂ ನಾಲ್ಕು ಸಾಕು ಕುರಿಮರಿಗಳ ಮೂಗಿಗೆ ಬಿಟ್ಟರು. 18 ತಿಂಗಳೊಳಗೆ ನಾಲ್ಕೂ ಸಾಕು ಮರಿಗಳಲ್ಲಿ ಗಡ್ಡೆ ಬೆಳೆಯಿತು. ಬಿಗ್‌ಹಾರ್ನ್ ಮರಿಗಳ ಪೈಕಿ ಒಂದರಲ್ಲಿ ಮಾತ್ರ ಕಾಣಿಸಿತು. ದ್ರವ ಬಿಡದೆ ಹಾಗೇ ಇಟ್ಟುಕೊಂಡಿದ್ದ ಎರಡು ಮರಿಗಳಿಗೆ ಏನೂ ಆಗಲಿಲ್ಲ.

ಈ ಫಲಿತಾಂಶದಲ್ಲಿ ಗಮನಿಸಬೇಕಾದ್ದು 'ಸೋಸಿದ' ಎಂಬ ಮಾತು. ಟಾಸ್ಮೇನಿಯನ್ ಡೆವಿಲ್ ಎಂಬ ಆಸ್ಟ್ರೇಲಿಯಾದ ಪ್ರಾಣಿಯಲ್ಲೂ ಹರಡುವ ಕ್ಯಾನ್ಸರ್ ಇದೆ. ಅಲ್ಲಿ ಒಂದನ್ನೊಂದು ಕಚ್ಚಿದಾಗ ಕ್ಯಾನ್ಸರ್ ಕೋಶವೇ ಇನ್ನೊಂದರ ಮೈಗೆ ದಾಟಿ ಬೆಳೆಯುತ್ತದೆ. ಕುರಿಯ ವಿಷಯದಲ್ಲಿ ಕೋಶವನ್ನು ತೆಗೆದ ಮೇಲೂ ರೋಗ ದಾಟಿದೆ. ಅಂದರೆ ಕೋಶಕ್ಕಿಂತ ಚಿಕ್ಕದಾದ ಯಾವುದೋ ರೋಗಕಾರಕ ಅದರ ಹಿಂದಿದೆ. ಕುರಿಗಳಲ್ಲಿ ಮೂಗಿನ ಮತ್ತು ಶ್ವಾಸಕೋಶದ ಗಡ್ಡೆ ತರುವ ರೆಟ್ರೋವೈರಸ್‌ಗಳು ಮೊದಲೇ ಗೊತ್ತಿದ್ದವು. ತದ್ರೂಪಿ ಕುರಿ ಡಾಲಿಯನ್ನು 2003ರ ಫೆಬ್ರುವರಿಯಲ್ಲಿ ದಯಾಮರಣಕ್ಕೆ ಒಳಪಡಿಸಬೇಕಾಗಿ ಬಂದದ್ದೂ ಇಂಥದೇ ವೈರಸ್ ತಂದ ಶ್ವಾಸಕೋಶದ ಕ್ಯಾನ್ಸರ್‌ನಿಂದ. ಆದರೆ ಬಿಗ್‌ಹಾರ್ನ್ ಗಡ್ಡೆಗಳಲ್ಲಿ ಆ ಪರಿಚಿತ ವೈರಸ್‌ಗಳು ಸಿಗಲಿಲ್ಲ. ಪ್ರಯೋಗದಲ್ಲಿ ಹೆಚ್ಚು ಸುಲಭವಾಗಿ ತುತ್ತಾದದ್ದು ಸಾಕು ಕುರಿ. ಹಾಗಾಗಿ ಕುರಿ ಸಾಕುವವರೂ ಇದನ್ನು ಕಾಡಿನ ಸಮಾಚಾರವೆಂದು ಬದಿಗೆ ಸರಿಸುವಂತಿಲ್ಲ.

ಗಡ್ಡೆಗಿಂತ ದೊಡ್ಡ ಕೊಲೆಗಾರ

ಕ್ಯಾನ್ಸರ್ ಎಂಬ ಪದ ಸುದ್ದಿಯಾಗುತ್ತದೆ. ಹಿಂಡುಗಳನ್ನು ಖಾಲಿ ಮಾಡುತ್ತಿರುವುದು ಮಾತ್ರ ನ್ಯುಮೋನಿಯಾ. ಅದರ ಹಿಂದೆ ಇರುವುದು ಮೈಕೋಪ್ಲಾಸ್ಮಾ ಓವಿನ್ಯುಮೋನಿಯೆ ಎಂಬ ಬ್ಯಾಕ್ಟೀರಿಯಾ. ಸಾಕು ಕುರಿ, ಮೇಕೆಗಳ ಮೂಗಿನಲ್ಲಿ ಇದು ಹೆಚ್ಚಿನ ತೊಂದರೆ ಕೊಡದೆ ಬದುಕಿರುತ್ತದೆ. ಇದರ ಪರಿಚಯವೇ ಇಲ್ಲದ ಬಿಗ್‌ಹಾರ್ನ್‌ಗೆ ತಗುಲಿದರೆ, ಶ್ವಾಸನಾಳದಲ್ಲಿ ಕಸವನ್ನು ಮೇಲಕ್ಕೆ ಗುಡಿಸುವ ಸೂಕ್ಷ್ಮ ರೋಮಗಳು ಕೆಲಸ ನಿಲ್ಲಿಸುತ್ತವೆ. ಬಾಗಿಲು ತೆರೆದ ಮನೆಗೆ ನುಗ್ಗಿದಂತೆ ಬೇರೆ ಬ್ಯಾಕ್ಟೀರಿಯಾಗಳು ಶ್ವಾಸಕೋಶಕ್ಕೆ ಇಳಿಯುತ್ತವೆ. ಐಡಹೊ, ಒರೆಗಾನ್, ವಾಷಿಂಗ್ಟನ್ ರಾಜ್ಯಗಳು ಸೇರುವ ಹೆಲ್ಸ್ ಕ್ಯಾನ್ಯನ್ ಕಣಿವೆಯಲ್ಲಿ 1995-96ರ ಒಂದೇ ಚಳಿಗಾಲದಲ್ಲಿ ನೂರಾರು ಕುರಿಗಳು ಸತ್ತವು.

ಸಾವಿನ ಮೊದಲ ಅಲೆಯ ನಂತರದ ಕಥೆ ಇನ್ನೂ ಕ್ರೂರ. ಬದುಕುಳಿದ ತಾಯಿ ಕುರಿಗಳಲ್ಲಿ ಕೆಲವು ರೋಗಾಣುವನ್ನು ಮೂಗಿನಲ್ಲಿ ಹೊತ್ತೇ ತಿರುಗುತ್ತವೆ. ನೋಡಲು ಆರೋಗ್ಯವಾಗಿರುತ್ತವೆ, ಪ್ರತಿ ವರ್ಷ ಈಯುತ್ತವೆ, ಮರಿಗಳು ಮಾತ್ರ ಒಂದು-ಮೂರು ತಿಂಗಳಲ್ಲಿ ಕೆಮ್ಮಿ ಸಾಯುತ್ತವೆ. ಹೀಗೆ ವರ್ಷಗಟ್ಟಲೆ ನಡೆದು ಹಿಂಡು ಸವೆಯುತ್ತದೆ. ಸೈನಸ್ ಗಡ್ಡೆಯ ಮಹತ್ವ ಮತ್ತೆ ಬರುವುದು ಇಲ್ಲಿ. ಗಡ್ಡೆ ಇರುವ ಕುರಿಗಳ ಮೂಗಿನಲ್ಲಿ ರೋಗ ತರಬಲ್ಲ ಬ್ಯಾಕ್ಟೀರಿಯಾಗಳು ಹೆಚ್ಚಾಗಿ ಜೊತೆಗಿರುವುದನ್ನು ಕೊಲರಾಡೊ ತಂಡ ನಂತರದ ಅಧ್ಯಯನದಲ್ಲಿ ತೋರಿಸಿದೆ. ಲೋಳೆ ತುಂಬಿದ ಗೂಡು ರೋಗಾಣುವಿಗೆ ಸುರಕ್ಷಿತ ಮನೆಯಾಗಿ, ಆ ಕುರಿ ಹಿಂಡಿಗೆಲ್ಲ ಹಂಚುವ ವಾಹಕವಾಗುತ್ತಿರಬಹುದು. ಕ್ಯಾನ್ಸರ್ ತಾನು ಕೊಲ್ಲದೆಯೂ ಕೊಲೆಗೆ ನೆರವಾಗುವ ಬಗೆ ಇದು.

ಈ ನ್ಯುಮೋನಿಯಾಕ್ಕೆ ಬಳಸಬಹುದಾದ ಲಸಿಕೆ ಇಲ್ಲ. ಬೆಟ್ಟದ ಪ್ರಾಣಿಯನ್ನು ಹಿಡಿದು ಆ್ಯಂಟಿಬಯಾಟಿಕ್ ಕೊಡುವುದು ಕೈಲಾಗದ ಕೆಲಸ. ವಾಹಕ ಕುರಿಗಳನ್ನು ಪರೀಕ್ಷಿಸಿ ಗುರುತಿಸಿ ಹಿಂಡಿನಿಂದ ತೆಗೆಯುವ ವಿಧಾನ ಸೌತ್ ಡಕೋಟದ ಕಸ್ಟರ್ ಸ್ಟೇಟ್ ಪಾರ್ಕ್‌ನಲ್ಲಿ ಫಲ ಕೊಟ್ಟಿದೆ, ಅಲ್ಲಿ ಮರಿಗಳು ಮತ್ತೆ ಬದುಕತೊಡಗಿದವು. ಆದರೆ ಪಕ್ಕದ ಹುಲ್ಲುಗಾವಲಿನಲ್ಲಿ ಸಾಕು ಮಂದೆ ಇದ್ದರೆ, ಬೆದೆಯ ಕಾಲದಲ್ಲಿ ಹೆಣ್ಣು ಹುಡುಕಿ ಹತ್ತಾರು ಕಿಲೋಮೀಟರ್ ಅಲೆಯುವ ಒಂದು ಹರೆಯದ ಟಗರು ಸಾಕು, ರೋಗ ಮರಳಿ ಬರುತ್ತದೆ.

ಹುಲ್ಲುಗಾವಲು ಯಾರದು?

ಹಾಗಾಗಿ ಪ್ರಶ್ನೆ ಪ್ರಯೋಗಾಲಯ ಬಿಟ್ಟು ಕೋರ್ಟ್ ಮೆಟ್ಟಿಲೇರಿತು. ಐಡಹೊದ ಪೆಯೆಟ್ ರಾಷ್ಟ್ರೀಯ ಅರಣ್ಯದಲ್ಲಿ ಸಾಕು ಕುರಿಗಳಿಗೆ ತೆರೆದಿದ್ದ ಮೇವಿನ ಪ್ರದೇಶದ ಸುಮಾರು ಮೂರನೇ ಎರಡು ಭಾಗವನ್ನು ಮುಚ್ಚಲು ಅಮೆರಿಕದ ಅರಣ್ಯ ಸೇವೆ 2010ರಲ್ಲಿ ತೀರ್ಮಾನಿಸಿತು. ಉಣ್ಣೆ ಬೆಳೆಗಾರರ ಸಂಘ ಪ್ರಶ್ನಿಸಿತು. 2016ರಲ್ಲಿ ಮೇಲ್ಮನವಿ ನ್ಯಾಯಾಲಯ ಅರಣ್ಯ ಸೇವೆಯ ಪರ ನಿಂತಿತು. ತಲೆಮಾರುಗಳಿಂದ ಅಲ್ಲಿ ಮೇಯಿಸುತ್ತಿದ್ದ ಕುಟುಂಬಗಳಿಗೆ ಇದು ಹೊಟ್ಟೆಯ ಮೇಲಿನ ಹೊಡೆತ. ಆದರೂ ಆ ದೇಶದಲ್ಲಿ ಆ ದಾರಿ ಸಾಧ್ಯವಾಯಿತು: ಸರ್ಕಾರದ ನೆಲ, ಬೆರಳೆಣಿಕೆಯ ಪರವಾನಗಿದಾರರು, ಬೇರೆಡೆ ಮೇವು.

ಅದೇ 'ದೂರ ಇಡಿ' ಸೂತ್ರವನ್ನು ಹಿಮಾಲಯಕ್ಕೆ ಹಾಗೇ ತಂದರೆ ಅದು ಒಕ್ಕಲೆಬ್ಬಿಸುವಿಕೆ ಆಗುತ್ತದೆ. ಲಡಾಖ್‌ನಲ್ಲಿ ನ್ಯಾನ್ ಎಂಬ ದೈತ್ಯ ಕುರಿ, ಶಾಪು, ಮತ್ತು ಕುರಿ-ಮೇಕೆಗಳ ನಡುವಿನ ನೀಲಿ ಕುರಿ ಭರಲ್ ಇವೆ. ಚಾಂಗ್ಪಾ ಅಲೆಮಾರಿಗಳ ಪಶ್ಮೀನಾ ಮೇಕೆಗಳು ಮೇಯುವುದೂ ಇದೇ ಎತ್ತರದಲ್ಲಿ. ಸ್ಪಿತಿಗೆ ಬೇಸಿಗೆಯಲ್ಲಿ ಗದ್ದಿ ಕುರಿಗಾಹಿಗಳು ಮಂದೆ ಹೊಡೆದುಕೊಂಡು ಬರುತ್ತಾರೆ. ಅವರಿಗೆ ಬೇರೆ ಹುಲ್ಲುಗಾವಲು ಇಲ್ಲ.

ಇಲ್ಲಿನ ಅಪಾಯ ಕಲ್ಪನೆಯದಲ್ಲ. ಲಡಾಖ್‌ಗೆ ಅಂಟಿಕೊಂಡಿರುವ ಟಿಬೆಟ್‌ನ ನ್ಗಾರಿ ಪ್ರದೇಶದಲ್ಲಿ 2007ರ ಸುಮಾರಿಗೆ ಸಾಕು ಕುರಿ-ಮೇಕೆಗಳಿಗೆ ಪಿಪಿಆರ್ ಬಂದ ಬೆನ್ನಿಗೇ ಭರಲ್‌ಗಳಲ್ಲೂ ಆ ವೈರಸ್ ಪತ್ತೆಯಾಯಿತು. ಮಂಗೋಲಿಯಾದಲ್ಲಿ 2016ರಲ್ಲಿ ಜಾನುವಾರುಗಳಿಗೆ ಬಂದ ಪಿಪಿಆರ್ ಕೆಲವೇ ತಿಂಗಳಲ್ಲಿ ಸಾವಿರಾರು ಸೈಗಾ ಜಿಂಕೆಗಳನ್ನು ಬಲಿ ತೆಗೆದುಕೊಂಡಿತು. ಭರಲ್ ಕಡಿಮೆಯಾದರೆ ಹಿಮಚಿರತೆ ದೊಡ್ಡಿಗೆ ನುಗ್ಗುತ್ತದೆ. ನಷ್ಟ ಮತ್ತೆ ಕುರಿಗಾಹಿಗೇ.

ಆದರೆ ಪಿಪಿಆರ್ ವಿಷಯದಲ್ಲಿ ಭಾರತದ ಕೈಯಲ್ಲಿ ಅಮೆರಿಕಕ್ಕಿಲ್ಲದ ಆಯುಧವಿದೆ. ಒಂದೇ ಡೋಸಿಗೆ ವರ್ಷಗಟ್ಟಲೆ ರಕ್ಷಣೆ ಕೊಡುವ ಲಸಿಕೆಯನ್ನು ಇಲ್ಲಿನ ಸಂಸ್ಥೆಗಳೇ ಅಭಿವೃದ್ಧಿಪಡಿಸಿವೆ. ಬೆಂಗಳೂರಿನ ಯಲಹಂಕದಲ್ಲಿರುವ ನಿವೇದಿ ಸಂಸ್ಥೆ ಈ ರೋಗದ ಹರಡುವಿಕೆಯ ಮೇಲೆ ನಿಗಾ ಇಡುತ್ತದೆ. 2030ರೊಳಗೆ ಪಿಪಿಆರ್ ನಿರ್ಮೂಲನೆ ಜಾಗತಿಕ ಗುರಿ. ಇದು ಆಗದ ಮಾತೂ ಅಲ್ಲ. 1968ರಲ್ಲಿ ಬಂಡೀಪುರ, ಮುದುಮಲೆಯ ಕಾಟಿಗಳನ್ನು ಹಿಂಡುಹಿಂಡಾಗಿ ಕೊಂದ ರಿಂಡರ್‌ಪೆಸ್ಟ್ ಇಂದು ಭೂಮಿಯ ಮೇಲೆ ಎಲ್ಲೂ ಹರಡುತ್ತಿಲ್ಲ. 2011ರಲ್ಲಿ ಅದರ ನಿರ್ಮೂಲನೆ ಘೋಷಣೆಯಾಯಿತು. ಅದನ್ನು ಸಾಧಿಸಿದ್ದು ಕಾಟಿಗೆ ಚುಚ್ಚಿದ್ದರಿಂದಲ್ಲ, ಊರಿನ ದನಗಳಿಗೆ ಚುಚ್ಚಿದ್ದರಿಂದ.

ಕಷ್ಟ ಇರುವುದು ಲೆಕ್ಕದ ಪುಸ್ತಕದಲ್ಲಿ. ಲಸಿಕೆ ಅಭಿಯಾನ ಹಳ್ಳಿ, ತಾಲ್ಲೂಕು, ಜಿಲ್ಲೆಯ ಲೆಕ್ಕದಲ್ಲಿ ನಡೆಯುತ್ತದೆ. ಅಲೆಮಾರಿ ಮಂದೆ ವರ್ಷದಲ್ಲಿ ಹಲವು ಜಿಲ್ಲೆ ದಾಟುತ್ತದೆ. ನಾಲ್ಕು ತಿಂಗಳು ತುಂಬದ ಮರಿಗೆ ಈ ಲಸಿಕೆ ಹಾಕುವುದಿಲ್ಲ, ಹಾಗಾಗಿ ಚಳಿಗಾಲದ ಕೊನೆಗೆ ಹುಟ್ಟಿದ ಮರಿ ಲಸಿಕೆಯಿಲ್ಲದೆ ಕಣಿವೆ ಹತ್ತುತ್ತದೆ. ಗದ್ದಿಗಳ ಮಂದೆ ಬೇಸಿಗೆಯಲ್ಲಿ ಕಣಿವೆದಾರಿ ದಾಟುವ ಮೊದಲು ತಳದಲ್ಲೊಮ್ಮೆ, ಶರತ್ಕಾಲದಲ್ಲಿ ಇಳಿದು ಬಂದಾಗ ಆ ವರ್ಷದ ಮರಿಗಳಿಗೆ ಮತ್ತೊಮ್ಮೆ ಪಶುವೈದ್ಯರು ದಾರಿಯಲ್ಲೇ ಸಿಗುವಂತಾದರೆ, ಮೇಲಿನ ಭರಲ್‌ಗೆ ಯಾರೂ ಸೂಜಿ ಹಿಡಿದು ಓಡಬೇಕಾಗಿಲ್ಲ, ಕುರಿಗಾಹಿಯೂ ಹುಲ್ಲುಗಾವಲು ಬಿಟ್ಟು ಹೋಗಬೇಕಾಗಿಲ್ಲ.